ಅರಿಶಿನದ ಕೋಣೆಗೆ ಹೂಂ ಎಂದವನು

“ಯಾವ ಯಂತ್ರನಾರ ತನ್ನಿ ಅಳಿಯಂದ್ರೆ, ಬ್ಯಾಡ ಅನ್ನಕಿಲ್ಲ. ಆ ಕ್ವಾಣೇಲಿ ಯಾರಾರ ‘ಸುರು ಮಾಡ್ಲಾ’ ಅಂತ ಕೇಳುದ್ರೆ ಮಾತ್ರ ಊಂ ಅನ್ಬ್ಯಾಡಿ.”

ಶಿವಮಲ್ಲಮ್ಮ ಹೊಸ್ತಿಲ ಹೊರಗೇ ನಿಂತು ಹೇಳಿದರು. ಕೇಬಲ್ ಬಿಗಿಯುತ್ತಿದ್ದ ಉಮಾಶಂಕರ ತಲೆಯೆತ್ತದೆ ನಕ್ಕ.

“ನಿಮ್ಮ ಮಗಳು ಕೇಳಿದರೂ ಅನ್ನಬಾರದಾ ಅತ್ತೆ?”

“ಅವ್ಳು ಕೇಳಕಿಲ್ಲ. ಈ ಮನೇಲಿ ಉಟ್ಟಿದೋರು ಆ ಮಾತ ಆಡಕಿಲ್ಲ.”

“ಪರವಾಗಿಲ್ಲ, ನಿಮ್ಮ ದೆವ್ವಕ್ಕೆ ಮರ್ಯಾದೆ ಇದೆ. ಅಪ್ಪಣೆ ಕೇಳಿಯೇ ಬರುತ್ತದೆ.”

ಅತ್ತೆ ನಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಹಿತ್ತಲಿಗೆ ಹೋದರು.

ಕತೆ ಉಮಾಶಂಕರನಿಗೆ ಗೊತ್ತಿತ್ತು. ಮೈಸೂರಿನ ಸ್ಟುಡಿಯೋ ಮುಚ್ಚಿ, ಹೆಂಡತಿ ಸುಧಾಮಣಿಯೊಂದಿಗೆ ತಾಳವಾಡಿಯ ಈ ಮನೆಗೆ ಬಂದ ಮೊದಲ ವಾರವೇ ಅದನ್ನು ಕೇಳಿದ್ದ. ಅತ್ತೆಯ ನಾದಿನಿ ಪುಟ್ಟಗೌರಮ್ಮ ಸೋಬಾನೆ ಹಾಡುವುದರಲ್ಲಿ ಹೆಸರಾದವಳು. ಪದ ಎತ್ತುವ ಮುಂಚೆ ನೆರೆದವರನ್ನು “ಸುರು ಮಾಡ್ಲಾ?” ಎಂದು ಕೇಳುವುದು ಅವಳ ವಾಡಿಕೆ, ಯಾರಾದರೊಬ್ಬರು ಹೂಂ ಎನ್ನಬೇಕು. ಅವಳ ಹಾಡನ್ನು ಸಹಿಸದ ದಾಯಾದಿಗಳು ಬಾಯಿಕಟ್ಟಿನ ಮಾಟ ಮಾಡಿಸಿದರು. ಕುರಿಯ ನಾಲಿಗೆಗೆ ಕಾರೆಮುಳ್ಳು ಚುಚ್ಚಿ, ಮಡಕೆಯಲ್ಲಿಟ್ಟು, ಬಾಯಿಗೆ ಕರಿಬಟ್ಟೆ ಬಿಗಿದು, ಅರಿಶಿನ ತುಂಬಿಡುವ ಈ ಕೋಣೆಯ ನೆಲದಡಿ ಹೂಳಿಸಿದ್ದರಂತೆ. ಮದುವೆಮನೆಯೊಂದರಲ್ಲಿ ಅವಳು ಕೇಳಿದಳು, ಯಾರೋ ಹೂಂ ಎಂದರು. ತೆರೆದ ಬಾಯಿಂದ ಪದ ಹೊರಡಲಿಲ್ಲ. ಮುಂದೆ ಹನ್ನೊಂದು ವರ್ಷ ಇದೇ ಕೋಣೆಯಲ್ಲಿ ಮೂಗಿಯಾಗಿ ಬದುಕಿ ಸತ್ತಳು.

ಗಂಟಲ ಬೇನೆಗೆ ಔಷಧಿ ಸಿಗದ ಕಾಲದ ಕತೆ ಎಂದುಕೊಂಡು ಉಮಾಶಂಕರ ಕೋಣೆಯ ಕಿಟಕಿಗೆ ಕಂಬಳಿ ಹೊಡೆದಿದ್ದ. ಇಡೀ ಮನೆಯಲ್ಲಿ ದನಿ ಮಾರ್ದನಿಸದ ಜಾಗ ಅದೊಂದೇ.

ತೊಂದರೆ ಇದ್ದದ್ದು ಮೈಕಿನಲ್ಲಿ. ಅದು ಮಂದ ಕಿವಿಯ ಮೈಕು, ಸುಧಾಮಣಿಯದು ಮೆಲುದನಿ. ಮಟ್ಟ ಏರಿಸಿದರೆ ದನಿಯೊಂದಿಗೆ ಸುಯ್ಯೆನ್ನುವ ಗದ್ದಲವೂ ಏರುತ್ತಿತ್ತು. ಅದಕ್ಕೆಂದೇ ಈ ಪ್ರಿಆಂಪ್ ತರಿಸಿದ್ದ. ಅಂಗೈಯಗಲದ ಕಪ್ಪು ಡಬ್ಬಿ. ಮೈಕಿಗೂ ರೆಕಾರ್ಡಿಂಗ್ ಪೆಟ್ಟಿಗೆಗೂ ನಡುವೆ ಕೂತು, ಉಸಿರಿನಷ್ಟು ಸಣ್ಣ ಸದ್ದನ್ನೂ ಗದ್ದಲವಿಲ್ಲದೆ ಎತ್ತಿಕೊಡುತ್ತದೆ. ಧಾರಾವಾಹಿಯೊಂದರ ಶೀರ್ಷಿಕೆ ಗೀತೆಗೆ ಸುಧಾಮಣಿಯ ದನಿ ಆಯ್ಕೆಯಾಗಿತ್ತು. ಸಂಜೆ ಆರರೊಳಗೆ ಹಾಡು ತಲುಪದಿದ್ದರೆ ಇನ್ನೊಬ್ಬಳಿಂದ ಹಾಡಿಸುವುದಾಗಿ ತಂಡದವರು ಹೇಳಿದ್ದರು. ಇಬ್ಬರೂ ಎಂಟು ವರ್ಷ ಕಾದದ್ದು ಈ ಒಂದು ಹಾಡಿಗೆ.

ರಾತ್ರಿ ರೆಕಾರ್ಡಿಂಗ್ ಆಗದ ಮಾತು. ಆನೆ ಓಡಿಸುವ ಪಟಾಕಿ ಹಾಡಿನೊಳಗೆ ಸಿಡಿಯುತ್ತಿತ್ತು. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಕೂತರು. ಸುಧಾಮಣಿ ಒಳಗೆ, ಕತ್ತಲಲ್ಲಿ. ಉಮಾಶಂಕರ ಹೊರಗೆ ಪಡಸಾಲೆಯಲ್ಲಿ, ಬಾಗಿಲಿನ ಆಚೆ.

“ರೀ, ನಾನು ಬಾಯ್ಬುಟ್ಟು ಏನೂ ಕೇಳಲ್ಲ. ಸಿದ್ಧ ಅಂದ್ರೆ ಸ್ಟ್ಯಾಂಡಿಗೆ ಎರಡು ಸಲ ತಟ್ತೀನಿ. ನೆನಪಿಟ್ಕಳಿ.”

“ನೀನೂ ನಿಮ್ಮವ್ವನ ಪಾರ್ಟಿನಾ?”

“ತಟ್ಟೋಕೆ ಖರ್ಚೇನು?” ಎಂದು ನಕ್ಕು ಬಾಗಿಲು ಹಾಕಿಕೊಂಡಳು.

ಐದು ಸಲ ಹಾಡಿದಳು. ಐದೂ ಸಲ ಎಲ್ಲೋ ಒಂದು ಕಡೆ ಶ್ರುತಿ ಜಾರಿತು. ಉಮಾಶಂಕರ ಪ್ರಿಆಂಪಿನ ತಿರುಪನ್ನು ಇನ್ನಷ್ಟು ತಿರುಗಿಸಿದ. ಹೆಡ್‌ಫೋನಿನಲ್ಲಿ ಕೋಣೆಯ ಮೌನ ಹಿಗ್ಗಿತು. ಕಂಬಳಿಯ ಎಳೆ ಗೋಡೆಗೆ ಉಜ್ಜುವುದು ಕೇಳಿತು. ಗೆದ್ದಲು ತೊಲೆ ಕೊರೆಯುವುದು ಕೇಳಿತು. ಸುಧಾಮಣಿ ಎಂಜಲು ನುಂಗಿದ್ದು ಕೇಳಿತು. ಬಾಗಿಲ ಸಂದಿಯಿಂದ ಬೇಯಿಸಿದ ಅರಿಶಿನದ ಹಳೆಯ ವಾಸನೆ, ಅದರಡಿಯಲ್ಲಿ ಕೊಳೆತ ಮಾಂಸದ ಎಳೆಯೊಂದು ತೇಲಿ ಬಂದಂತಾಯಿತು. ಗಡಿಯಾರ ನೋಡಿದ. ನಾಲ್ಕೂಮುಕ್ಕಾಲು.

“ಸುರು ಮಾಡ್ಲಾ?”

ಕಿವಿಯ ಪಕ್ಕದಲ್ಲೇ, ಮೆಲ್ಲಗೆ.

ಸ್ಟುಡಿಯೋದಲ್ಲಿ ಸಾವಿರ ಗಾಯಕರು ಸಾವಿರ ಸಲ ಕೇಳಿದ ಪ್ರಶ್ನೆ. ಅವನ ಕೈ ತಾನಾಗಿ ರೆಕಾರ್ಡಿಂಗ್ ಗುಂಡಿ ಒತ್ತಿತು. ಬಾಯಿ ತಾನಾಗಿ ಆಡಿತು.

“ಹೂಂ, ಮಾಡು.”

ಹಾಡು ಬಂತು. ಉಮಾಶಂಕರನ ತೋಳಿನ ರೋಮಗಳೆಲ್ಲ ಎದ್ದು ನಿಂತವು. ಶ್ರುತಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಂಥ ತುಂಬುದನಿ ಸುಧಾಮಣಿಯ ಎದೆಯಲ್ಲಿ ಎಲ್ಲಿ ಅಡಗಿತ್ತು? ಕೊನೆಯ ಸಾಲು ಮುಗಿದಾಗ ಅವನ ಕಣ್ಣು ತೇವವಾಗಿತ್ತು.

ಬಾಗಿಲು ದಡಾರನೆ ತೆರೆಯಿತು. ಸುಧಾಮಣಿ ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡಿದ್ದಳು. ತುಟಿ ಆಡುತ್ತಿತ್ತು. ದನಿ ಇರಲಿಲ್ಲ. ತಾನು ಹಾಡಲಿಲ್ಲವೆಂದು ತಲೆಯಾಡಿಸಿದಳು. ಮತ್ತೆ ಮತ್ತೆ ಆಡಿಸಿದಳು.

ಹಿತ್ತಲಿಂದ ಓಡಿ ಬಂದ ಶಿವಮಲ್ಲಮ್ಮ ಮಗಳ ಬಾಯಿ ಬಿಡಿಸಿ ನೋಡಿ ಅಲ್ಲೇ ಕುಸಿದರು.

“ಕೇಳ್ದೆ ಕಣಪ್ಪ. ಅದು ನಮ್ ಗೌರಮ್ಮನ ದನಿ. ಊಂ ಅಂದ್ರಾ?”

ಅವನು ಹೆಡ್‌ಫೋನ್ ಕಳಚಿ ಕೆಳಗಿಟ್ಟ.

“ದೀಪ ಅಚ್ಚೋಕ್ ಮುಂಚೆ ಆ ಪದವ ಅಳಿಸ್ಬುಡಿ. ಎಲ್ಲೂ ಒಂದು ಚೂರು ಉಳೀಕೂಡ್ದು. ಜೀರಹಳ್ಳಿ ಕಡೆ ಮಾಟ ತಗಿಯೋ ಪುಟ್ಟಮಾದಿ ಗೌರಮ್ಮ ಸತ್ತಾಗ್ಲೇ ಅಂದಿದ್ಲು, ಊಂ ಅಂದೋನೇ ಆ ಮಾತ ಇಂದಕ್ ತಕಬೇಕು ಅಂತ. ದೀಪ ಅತ್ತಿದ್ ಮ್ಯಾಕೆ ಗೌರಮ್ಮ ಓಗಕಿಲ್ಲ.”

ಉಮಾಶಂಕರ ಕಂಪ್ಯೂಟರಿನ ಮುಂದೆ ಕೂತ. ಪರದೆಯ ಮೇಲೆ ಹಾಡಿನ ಅಲೆಗಳು ಬೆಟ್ಟಸಾಲಿನಂತೆ ಮಲಗಿದ್ದವು. ಆರು ಗಂಟೆಗೆ ಇನ್ನೂ ಒಂದು ಗಂಟೆಯಿತ್ತು. ಗಂಟಲು ಕಟ್ಟಿದೆ, ಅಷ್ಟೇ. ಬಿಸಿನೀರು ಕುಡಿದರೆ ನಾಳೆ ಬಿಡುತ್ತದೆ. ಈ ಹಾಡು ನಾಳೆ ಬರುತ್ತದೆಯೇ? ಇದು ಹೋದರೆ ನಷ್ಟ ಅವಳಿಗೇ ಅಲ್ಲವೇ? ಹೀಗೆ ಲೆಕ್ಕ ಹಾಕುತ್ತ ಕಡತವನ್ನು ಇನ್ನೊಂದು ಹೆಸರಿನಲ್ಲಿ ಅಡಗಿಸಿಟ್ಟು, ಖಾಲಿ ಪರದೆಯನ್ನು ಹೆಂಡತಿಯ ಕಡೆಗೆ ತಿರುಗಿಸಿದ.

“ಅಳಿಸಿದೆ. ನೋಡು.”

ಅವಳು ನಂಬಿದಳು. ಕೈಮುಗಿದಳು.

ಜಗುಲಿಯ ಅಂಚಿನಲ್ಲಿ ಕೂತು ಸುಧಾಮಣಿ ದನಿಗಾಗಿ ಕಾದಳು. ಒಮ್ಮೆ ‘ಅವ್ವ’ ಎಂದು ತುಟಿ ಆಡಿಸುವಳು. ಕಿವಿಗೊಡುವಳು. ಮತ್ತೆ ಆಡಿಸುವಳು. ತಾಯಿ ಬೆನ್ನು ನೇವರಿಸುತ್ತಿದ್ದರು. ಆರಕ್ಕೆ ಐದು ನಿಮಿಷವಿರುವಾಗ, ಒಳಗೆ ಉಮಾಶಂಕರ ಹಾಡನ್ನು ಮೈಸೂರಿನಲ್ಲಿದ್ದ ತಂಡಕ್ಕೆ ಕಳಿಸಿದ. ಎರಡೇ ನಿಮಿಷದಲ್ಲಿ ಉತ್ತರ ಬಂತು. ಅದ್ಭುತ. ಇವತ್ತೇ ಹಾಕುತ್ತೇವೆ.

ಅವನು ಉತ್ತರ ಓದಿ ಮುಗಿಸಿ ತಲೆಯೆತ್ತಿದ. ಬಾಗಿಲಲ್ಲಿ ಸುಧಾಮಣಿ ನಿಂತಿದ್ದಳು.

ಅವಳು ಪರದೆ ನೋಡಿದಳು. ಅವನನ್ನು ನೋಡಿದಳು. ಹಿಂದೆ ದೇವರ ಗೂಡಿನ ಬಳಿ ಕಡ್ಡಿ ಗೀರಿದ ಸದ್ದಾಯಿತು.

“ಅತ್ತೆ, ತಡೀರಿ!”

ದೀಪ ಹತ್ತಿತು.

ಅವನು ಕಡತ ಅಳಿಸಿದ. ಮೈಸೂರಿಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ತಂತಿ ಕಿತ್ತ. ಡಬ್ಬಿಯನ್ನು ಗೋಡೆಗೆ ಬಡಿದ. ಒಡೆಯಿತು. ಮತ್ತೆ ಬಡಿದ.

“ಸುಧಾ,” ಎಂದ. “ಸುಧಾ, ಏನಾದರೂ ಮಾತಾಡು.”

ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಆ ಕಣ್ಣುಗಳು ಮಾತ್ರ ಅವಳವು. ಅವುಗಳ ಕೆಳಗೆ ತುಟಿಗಳು ನಿಧಾನವಾಗಿ, ಹೊಸದಾಗಿ ಕಲಿಯುವವರಂತೆ, ಅಗಲವಾದವು.

“ಒಸಿ ನೀರ್ ಕೊಡಪ್ಪ,” ಎಂದಿತು ಆ ತುಂಬುದನಿ. “ಐವತ್ತು ವರ್ಸದಿಂದ ಗಂಟ್ಲು ಒಣಗೋಗ್ಯದೆ.”

ಉಮಾಶಂಕರ ಅಲುಗಲಿಲ್ಲ. ಶಿವಮಲ್ಲಮ್ಮ ಅಡುಗೆಮನೆಗೆ ಹೋಗಿ ಚೊಂಬು ತುಂಬಿ ತಂದರು. ಅಳಿಯನ ಮುಖ ನೋಡದೆ ದಾಟಿ ಹೋಗಿ, ಹಿರಿಯ ನಾದಿನಿಗೆ ಕೊಡುವಂತೆ, ಎರಡೂ ಕೈಯಲ್ಲಿ ಹಿಡಿದು ಮಗಳ ಮುಂದೆ ಬಗ್ಗಿದರು.