ದೋಣಿಗಟ್ಟದ ತಡೆಗೋಡೆ

ಜೂನ್ ಹದಿನಾಲ್ಕರ ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಕರಿಬಸವ ಸಿರುಗುಪ್ಪ ಠಾಣೆಗೆ ಏದುಸಿರು ಬಿಡುತ್ತ ಬಂದ. ತುಂಗಭದ್ರೆಯ ದೋಣಿಗಟ್ಟದಲ್ಲಿ ಕಟ್ಟುತ್ತಿದ್ದ ತಡೆಗೋಡೆಯ ಕೆಲಸಕ್ಕೆ ಅವನು ಮೇಸ್ತ್ರಿ. ಕಾವಲುಗಾರ ಹಂಪಯ್ಯನ ಮೇಲೆ ಬಂಡೆ ಉರುಳಿದೆ, ಜೀವ ಹೋಗಿದೆ ಎಂದ.

"ಆಕಸ್ಮಿಕ ಅಂತ ಬರಕೊಂಡುಬಿಡ್ರಿ ಮೇಡಂ. ದಿನಾ ಕಲ್ಲಿನ ನಡುವ ಇರಾವ. ಅವನ ಟೈಮ್ ಸರಿ ಇದ್ದಿಲ್ಲ."

"ಏನು ಬರೀಬೇಕು ಅನ್ನೋದು ನೋಡಿದ ಮ್ಯಾಲೆ," ಎಂದು ಇನ್ಸ್‌ಪೆಕ್ಟರ್ ಶಶಿರೇಖಾ ಟೋಪಿ ಎತ್ತಿಕೊಂಡಳು.

ದೋಣಿಗಟ್ಟದ ಹತ್ತಿರ ಹೊಳೆ ಕೆರೆಯಂತೆ ಅಗಲವಾಗಿದೆ. ಮುಂಗಾರಿನ ಗಾಳಿ ಎದ್ದರೆ ಅಲೆಗಳು ನೇರ ದಂಡೆಗೆ ಬಂದು ಬಡಿಯುತ್ತವೆ. ಹೋದ ವರ್ಷ ಅಂಥದೇ ಗಾಳಿಗೆ ಮೀನುಗಾರರ ಎರಡು ದೋಣಿ ಮಗುಚಿ ಮೂವರು ಸತ್ತಿದ್ದರು. ದೋಣಿಗಳಿಗೆ ಮರೆಯಾಗಲೆಂದು ಹೊಳೆಯೊಳಕ್ಕೆ ಚಾಚಿದ ಕಲ್ಲಿನ ಗೋಡೆ ಮಂಜೂರಾದದ್ದು ಆ ಮೇಲೆ.

ಹಂಪಯ್ಯ ಬಂಡೆಗಳ ರಾಶಿಯ ಬುಡದಲ್ಲಿ, ನೆರಳಿದ್ದ ಕಡೆ ಬಿದ್ದಿದ್ದ. ಎದೆಯ ಮೇಲೆ ಆಳೆತ್ತರದ ಬಂಡೆ. ಅದನ್ನು ಕ್ರೇನಿನಿಂದ ಎತ್ತಿಸಿ, ಪಂಚರನ್ನು ಕರೆಸಿ ಪಂಚನಾಮೆ ಶುರು ಮಾಡಿದರು. ಹೆಡ್ ಕಾನ್‌ಸ್ಟೇಬಲ್ ಜಡೆಪ್ಪ ಬರೆಯುತ್ತ ಹೋದ. ಬಂಡೆ ಜಾರದಂತೆ ಆನಿಸಿದ್ದ ಮರದ ದಿಮ್ಮಿ ಪಕ್ಕಕ್ಕೆ ಬಿದ್ದಿತ್ತು. ಅದರ ಒಂದು ತುದಿ ಹೊಸದಾಗಿ ಸಿಬಿರೆದ್ದು ಬೆಳ್ಳಗಿತ್ತು.

"ಇದು ತಾನಾಗೇ ಜಾರಿದ್ದಲ್ಲ," ಎಂದಳು ಶಶಿರೇಖಾ. "ಯಾರೋ ಹಾರೆ ಹಾಕಿ ಮೀಟ್ಯಾರ."

ಆಮೇಲೆ ಅವಳು ಸತ್ತವನ ಬಲಗೈ ನೋಡಿದಳು. ಬೆರಳಿಗೆ ಬದನೆಕಾಯಿ ಪಲ್ಯ ಮೆತ್ತಿತ್ತು. ಮಣ್ಣಿನಲ್ಲಿ ರೊಟ್ಟಿಯ ಚೂರು. ಬುತ್ತಿಯ ಡಬ್ಬಿ ಮಾತ್ರ ಎಲ್ಲೂ ಇರಲಿಲ್ಲ.

"ಊಟ ಯಾರು ತರ್ತಿದ್ರು?"

"ಅವನ ಅಕ್ಕ, ಉಚ್ಚೆಂಗೆಮ್ಮ," ಎಂದ ಕರಿಬಸವ. "ನಾ ಡೀಸೆಲ್ ತರಾಕ ಊರಾಗ ಹೋಗಿದ್ದೆ. ಆಳುಗಳೂ ಉಣ್ಣಾಕ ಮನಿಗೆ ಹೋಗಿದ್ರು. ಆಕಿ ಬಂದದ್ದು ನೋಡಿಲ್ಲ."

ಉಚ್ಚೆಂಗೆಮ್ಮ ಆಗಲೇ ಗಟ್ಟಕ್ಕೆ ಬಂದಿದ್ದಳು. ಮಂದಿಯ ನಡುವೆ ನೆಲಕ್ಕೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹೋದ ವರ್ಷ ಸತ್ತ ಮೂವರಲ್ಲಿ ಒಬ್ಬ ಅವಳ ಮಗ ಪರಶು. ಗೋಡೆ ಬೇಕೆಂದು ತಾಲ್ಲೂಕು ಕಚೇರಿಯ ಮುಂದೆ ಬಿಸಿಲು ಮಳೆಯೆನ್ನದೆ ಕೂತವಳು ಅವಳೇ. ಈಗ ತಮ್ಮನೂ ಹೋದ. ಇವತ್ತು ಬುತ್ತಿ ತಂದಿದ್ದೆಯಾ ಎಂದು ಶಶಿರೇಖಾ ಮೆಲ್ಲಗೆ ಕೇಳಿದಳು. ಆಕೆ ಇಲ್ಲವೆಂದು ತಲೆಯಾಡಿಸಿದಳು. ಶಶಿರೇಖಾ ಹೆಚ್ಚು ಕೆದಕಲಿಲ್ಲ. ಠಾಣೆಗೆ ಮರಳಿ ಕೊಲೆಯೆಂದೇ ಎಫ್‌ಐಆರ್ ದಾಖಲಿಸಿದಳು.

ಮರುದಿನ ಗೋಡೆಯನ್ನು ಮತ್ತೊಮ್ಮೆ ನೋಡಿದಾಗ ಜಡೆಪ್ಪ ಮೂಗು ಮುರಿದ. ಅಲೆಗೆ ಎದೆಕೊಡುವ ಕಡೆ ದೊಡ್ಡ ಬಂಡೆಗಳಿರಬೇಕಿತ್ತು. ಅಲ್ಲಿದ್ದದ್ದು ಹೊರಗೆ ನಾಲ್ಕಾರು ಬಂಡೆ, ಒಳಗೆ ಬರೀ ಜಲ್ಲಿ, ಮೊರಂ ಮಣ್ಣು.

"ಮೇಡಂ, ಇದು ಗೋಡಿ ಅಲ್ಲ, ಗೋಡಿ ವೇಷ. ಒಂದು ಜೋರು ಗಾಳಿ ಬಂದ್ರ ಸಾಕು."

ಕಲ್ಲು ಬರುತ್ತಿದ್ದದ್ದು ಕುರುಗೋಡಿನ ಗುಡ್ಡದಿಂದ. ಅವರು ಅಲ್ಲಿಗೆ ಹೋದರು. ದೊಡ್ಡ ಬಂಡೆಗಳನ್ನೇ ಕಳಿಸಿದ್ದೇವೆ ಎಂದು ಕ್ವಾರಿಯವರು ಆಣೆ ಮಾಡಿದರು. ಕಲ್ಲು ತುಂಬಿಸಲು ನಿಂತಿದ್ದ ಟಿಪ್ಪರ್ ಚಾಲಕ ಕರೂರಿನ ರಾಮಾಂಜಿನಿ ಮಾತ್ರ ಕಣ್ಣು ತಪ್ಪಿಸಿದ.

"ಬಂಡೆ ಎಲ್ಲಿ ಇಳಿಸ್ದಿ?"

"ಗಟ್ಟದಾಗ್ರೀ."

"ಗಟ್ಟದಾಗ ಇಲ್ಲ."

"ಇಲಾಖೆ ಸಾಹೇಬ್ರು ಬಂದು ಫೋಟೋ ತಕ್ಕೊಂಡು ಹೋಗೋತನಕ ಅಲ್ಲೇ ಇರ್ತಿದ್ವು. ಆಮ್ಯಾಲೆ ತಿರುಗಿ ತುಂಬ್ತಿದ್ವಿ. ಬಳ್ಳಾರಿಗೆ, ಕಂಟ್ರಾಕ್ಟರ್ ಲೇಔಟಿಗೆ. ಗೇಟು ತೆಗೀತಿದ್ದವ ಹಂಪಯ್ಯನೇರಿ. ನಾ ಬರೀ ಡ್ರೈವರ್."

"ಹಂಪಯ್ಯ ಯಾರಿಗಾದ್ರೂ ಹೇಳ್ತೀನಿ ಅಂದಿದ್ನಾ?"

"ಅವನಾ? ಅವನ ಬಾಯಿಗೆ ಬೀಗ. ಕೆಲಸ ಹೋಗ್ತೈತಿ ಅಂತ ನೆರಳಿಗೂ ಅಂಜ್ತಿದ್ದ."

ಹಂಪಯ್ಯ ಬಾಯಿ ಬಿಡುತ್ತಾನೆಂಬ ಭಯವೇ ಇಲ್ಲದಾಗ ಅವನನ್ನು ಗುತ್ತಿಗೆದಾರ ಏಕೆ ಕೊಲ್ಲಿಸಬೇಕು? ಆದರೂ ಶಶಿರೇಖಾಳಿಗೆ ಅವನೇ ಆಗಿರಲಿ ಎಂಬ ಆಸೆಯಿತ್ತು. ಆ ಆಸೆ ತನಿಖೆಗೆ ಒಳ್ಳೆಯದಲ್ಲ ಎಂಬುದೂ ಗೊತ್ತಿತ್ತು.

ಬಳ್ಳಾರಿಯ ಗಾಂಧಿನಗರದ ಕಚೇರಿಯಲ್ಲಿ ಗುತ್ತಿಗೆದಾರ ಭೀಮರಾಜ ಚಹಾ ತರಿಸಿದ. ಶಶಿರೇಖಾ ಮುಟ್ಟಲಿಲ್ಲ.

"ನಿಮ್ಮ ಲೇಔಟಿನ ಕಾಂಪೌಂಡಿಗೆ ಹಾಕಿರೋ ಬಂಡೆ ಗಟ್ಟದವು."

"ಕಲ್ಲಿನ ಮ್ಯಾಲೆ ಊರ ಹೆಸರು ಬರದಿರ್ತೈತೇನ್ರಿ?" ಭೀಮರಾಜ ನಕ್ಕ. "ಕೆಲಸದಾಗ ಕಸರು ಇದ್ರ ಇಲಾಖೆಯವರು ನೋಟಿಸ್ ಕೊಡ್ತಾರ, ಉತ್ತರ ಕೊಡ್ತೀನಿ. ಕೊಲಿ ಅಂದ್ರ, ಶನಿವಾರ ನಾ ಮದುವಿ ಮನ್ಯಾಗಿದ್ದೆ. ಐನೂರು ಮಂದಿ ನೋಡ್ಯಾರ."

ಅದು ನಿಜವಾಗಿತ್ತು. ಅವನ ಫೋನಿನ ಕರೆಗಳಲ್ಲೂ ಏನೂ ಸಿಗಲಿಲ್ಲ. ಕರಿಬಸವ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಸರಿಯಾಗಿ ಆ ಹೊತ್ತಿಗೇ ಕಾಣಿಸಿಕೊಂಡಿದ್ದ.

ಮಂಗಳವಾರ ಬೆಳಿಗ್ಗೆ ಮರಣೋತ್ತರ ಪರೀಕ್ಷೆಯ ವರದಿ ಬಂತು. ಉಣ್ಣುತ್ತಿರುವಾಗಲೇ ಜೀವ ಹೋಗಿದೆ ಎಂದಿತ್ತು. ಶಶಿರೇಖಾ ಅದನ್ನು ಮೇಜಿನ ಮೇಲಿಟ್ಟು ಜಡೆಪ್ಪನ ಮುಖ ನೋಡಿದಳು.

"ಜಡೆಪ್ಪ, ಕೊಲೆ ಮಾಡಿದವರು ಅವನು ಉಂಡ ಡಬ್ಬಿ ಯಾಕ ಒಯ್ತಾರ?"

"ಪರರಾದ್ರ ಒಯ್ಯಂಗಿಲ್ಲ ಮೇಡಂ," ಎಂದ ಜಡೆಪ್ಪ. "ಮನಿಯವರು ಒಯ್ತಾರ."

ಮಹಿಳಾ ಪೇದೆಯನ್ನು ಕರೆದುಕೊಂಡು ಅವರು ಉಚ್ಚೆಂಗೆಮ್ಮನ ಮನೆಗೆ ಹೋದಾಗ ಆಕೆ ಒಲೆಯ ಮುಂದೆ ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ. ಗೂಡಿನಲ್ಲಿ ಸ್ಟೀಲಿನ ಎರಡಂತಸ್ತಿನ ಡಬ್ಬಿ ಬೋರಲಾಗಿತ್ತು.

"ಯಮ್ಮಾ, ಶನಿವಾರ ಏನು ಪಲ್ಯ ಮಾಡಿದ್ದಿ?"

ಉಚ್ಚೆಂಗೆಮ್ಮ ತಲೆಯೆತ್ತಿದಳು. ಅಳುವಿಲ್ಲ, ಅಂಜಿಕೆಯಿಲ್ಲ.

"ಬದನಿಕಾಯಿ. ನಮ್ಮ ಹಂಪನಿಗೆ ಸೇರ್ತಿತ್ತು."

"ಡಬ್ಬಿ ಯಾಕ ತಂದಿ?"

"ಪರಶು ಮೀನು ಮಾರಿ ಕೊಡಿಸಿದ್ದು ಯವ್ವಾ. ಬಿಟ್ಟು ಬರಾಕ ಮನಸಾಗಲಿಲ್ಲ."

ಆಮೇಲೆ ಯಾರೂ ಕೇಳದೆಯೇ ಹೇಳಿದಳು. ಬುತ್ತಿ ಕೊಡಲು ಹೋದಾಗಲೆಲ್ಲ ಬಂಡೆಗಳು ಕಡಿಮೆಯಾಗುವುದು ಅವಳ ಕಣ್ಣಿಗೆ ಬಿದ್ದಿತ್ತು. ಶುಕ್ರವಾರ ಗೇಟಿನಿಂದ ಕಲ್ಲು ತುಂಬಿದ ಟಿಪ್ಪರ್ ಹೊರಹೋಗುವುದನ್ನು ನೋಡಿದಳು. ಗೇಟು ಹಿಡಿದು ನಿಂತವನು ತಮ್ಮ. ನೀರಿನಲ್ಲಿ ಮುಳುಗಿ ಪರಶುವಿನ ಹೆಣ ಎತ್ತಿ ತಂದವನೂ ಅದೇ ತಮ್ಮ.

"ಶನಿವಾರ ಊಟಕ್ಕ ಕೂತಾಗ ಕೈ ಮುಗದೆ. ತಾಸೀಲ್ದಾರ್ ಮುಂದ ಬಂದು ಒಂದು ಮಾತು ಹೇಳು, ನಾ ಜೊತಿಗೆ ಇರ್ತೀನಿ ಅಂದೆ. ತುತ್ತು ಬಾಯಾಗ ಇಟ್ಕೊಂಡೇ ಅಂದ, 'ಗೋಡಿ ಗಟ್ಟಿ ಆದ್ರ ನಿನ್ನ ಮಗ ಎದ್ದು ಬರ್ತಾನೇನು? ನನ್ನ ಹೊಟ್ಟಿ ಮ್ಯಾಲೆ ಯಾಕ ಕಲ್ಲು ಹಾಕ್ತಿ?' ಅಂತ. ಅವನ ಹಿಂದ ಕಲ್ಲು ಮೀಟೋ ಹಾರಿ ಬಿದ್ದಿತ್ತು."

"ಹೆದರಸಾಕ ಮೀಟಿದಿ ಏನು?" ಶಶಿರೇಖಾ ಕೇಳಿದಳು. ಹೌದೆನ್ನಲಿ ಎಂಬ ಆಸೆ ಅವಳ ದನಿಯಲ್ಲೇ ಇತ್ತು.

"ಇಲ್ಲ. ಸಾಯ್ತಾನ ಅಂತ ಗೊತ್ತಿತ್ತು." ಆಕೆ ಸೆರಗು ಸರಿಮಾಡಿಕೊಂಡಳು. "ಬಿದ್ದ ಮ್ಯಾಲೆ ನಮ್ಮವ್ವನ ನೆನಪಾತು. ಅವನು ಎಳೇಕೂಸು ಇದ್ದಾಗ ನನ್ನ ಕೈಯಾಗ ಕೊಟ್ಟು ಸತ್ಲು."

ಅವಳು ತೋರಿಸಿದ ಜಾಗದಲ್ಲಿ, ಮೊಣಕಾಲುದ್ದದ ನೀರಿನಿಂದ ಹಾರೆಯನ್ನು ಪಂಚರ ಎದುರು ತೆಗೆದರು. ಸಂಜೆಯಾಗುವ ಮೊದಲೇ ಬಂಧನದ ಕಾಗದಗಳು ಮುಗಿದವು. ಕಲ್ಲಿನ ವಿಷಯ ಶಶಿರೇಖಾ ಬೇರೆ ವರದಿ ಬರೆದು ಮೇಲಕ್ಕೆ ಕಳಿಸಿದಳು. ಗುತ್ತಿಗೆದಾರನ ಹೆಸರು ಕೊಲೆ ಪ್ರಕರಣದಲ್ಲಿ ಸಾಕ್ಷಿಗಳ ಪಟ್ಟಿಯಲ್ಲಷ್ಟೇ ಬಂತು. ಅವನು ಫೋನ್ ಮಾಡಿ, ಮಹಜರು ಮುಗಿದಿದ್ದರೆ ಜಾಗ ಬಿಟ್ಟುಕೊಡಿ, ಮಳೆಯೊಳಗೆ ಕೆಲಸ ಮುಗಿಸಬೇಕು ಎಂದ. ಕಾನೂನಿನ ಪ್ರಕಾರ ಇಲ್ಲವೆನ್ನಲು ಅವಳಿಗೆ ಕಾರಣವಿರಲಿಲ್ಲ.

ಬುಧವಾರ ಉಚ್ಚೆಂಗೆಮ್ಮನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ, ಬಳ್ಳಾರಿಯ ಜೈಲಿಗೆ ಕರೆದೊಯ್ಯುವಾಗ ಪಡುವಣದಲ್ಲಿ ಮೋಡ ಕವಿದಿತ್ತು. ರಸ್ತೆಯ ಎರಡೂ ಬದಿಯ ಗದ್ದೆಗಳ ಮೇಲೆ ಗಾಳಿ ಧೂಳೆಬ್ಬಿಸಿತು. ಉಚ್ಚೆಂಗೆಮ್ಮ ಮುಂದಿನ ಸೀಟಿನ ಕಡೆ ಬಾಗಿದಳು.

"ಯವ್ವಾ, ಗಟ್ಟದ ಹುಡುಗ್ರಿಗೆ ಒಂದು ಮಾತು ಮುಟ್ಟಸ್ತಿಯಾ?"

"ಏನು?"

"ಗೋಡಿ ಐತಿ ಅಂತ ದೋಣಿ ನೀರಾಗ ಬಿಟ್ಟಾರ. ದಂಡಿ ಮ್ಯಾಲಕ್ಕ ಎಳ್ಕೊಳ್ರಿ ಅನ್ನು. ಅದನ್ನ ನಂಬಬ್ಯಾಡ್ರಿ ಅನ್ನು. ನಾ ಹೇಳಿದ್ರ ಈಗ ಯಾರು ಕೇಳ್ತಾರ?"

ಶಶಿರೇಖಾ ಜೀಪು ನಿಲ್ಲಿಸಿದಳು. ಎದುರಿಗೆ ಬಂದ ಸಿರುಗುಪ್ಪದ ಬಸ್ಸಿಗೆ ಕೈ ಅಡ್ಡ ಹಿಡಿದು, ಆ ಮಾತು ಗಟ್ಟಕ್ಕೆ ಮುಟ್ಟಿಸೆಂದು ಜೀಪಿನಲ್ಲಿದ್ದ ಜಡೆಪ್ಪನನ್ನು ಹತ್ತಿಸಿದಳು. ಬಸ್ಸು ಕಣ್ಮರೆಯಾಗುವತನಕ ರಸ್ತೆಯಲ್ಲೇ ನಿಂತಿದ್ದಳು. ಗಾಳಿ ಜೋರಾಗುತ್ತಲೇ ಇತ್ತು.