ಹೆಜ್ಜೇನಿನ ಕೆಳಗೆ ಹಾಜರಿ

ಟಿಕ್.

ಹರಿಪ್ರಿಯಾ ಉಸಿರು ಬಿಗಿಹಿಡಿದು ಕೇಳಿದಳು. ಡೇರೆಯ ಹೊರಗೆ ಕಾಡು ಜೀರುಂಡೆಗಳ ದನಿಯಲ್ಲಿ ಮುಳುಗಿತ್ತು. ಮತ್ತೆ ಟಿಕ್. ಪಕ್ಕದ ಡೇರೆ ಒಂದು ಕ್ಷಣ ಬೆಳಗಿ ಕತ್ತಲಾಯಿತು. ಗಂಟೆ ಎರಡೂ ಹತ್ತು. ಅವಳು ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಎರಡೂ ಇಪ್ಪತ್ತಕ್ಕೆ ಇನ್ನೊಮ್ಮೆ.

ಅದು ಕಾಪುವಿನ ನಿವೃತ್ತ ಸುಬೇದಾರ್ ಕೃಷ್ಣಪ್ರಸಾದರ ಡೇರೆ. ಗಡಿಯ ಕದನದಲ್ಲಿ ಕುಸಿದ ಬಂಕರಿನಿಂದ ಇಬ್ಬರನ್ನು ಹೊತ್ತು ತಂದು ಶೌರ್ಯ ಪದಕ ಪಡೆದವರು. ಅಂಥವರು ನಡುರಾತ್ರಿ ಟಾರ್ಚು ಹಾಕಿ ಆರಿಸುವುದೇಕೆ? ಯಾರಿಗೆ ಸನ್ನೆ?

ಕಾರ್ಕಳದಾಚೆ ಮಾಳದ ಕಾಡಿನಲ್ಲಿ ಅವರದು ಮೂವರ ತಂಡ. ಮಣಿಪಾಲದ ಕಾಲೇಜಿನಲ್ಲಿ ಪಾಠ ಹೇಳುವ ಹರಿಪ್ರಿಯಾ, ಹಗ್ಗದ ಕೆಲಸ ಬಲ್ಲ ಕಲ್ಯಾಣಪುರದ ಡೆನ್ವರ್, ಮುಂದಾಳು ಸುಬೇದಾರರು. ಹುಡುಕುತ್ತಿದ್ದುದು ಚಂದಪ್ಪನನ್ನು. ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದವನು ಭಾನುವಾರ ಜೇನು ಕೀಳಲು ಕಾಡಿಗೆ ಹೋಗಿ ಮರಳಿರಲಿಲ್ಲ. ಅರಣ್ಯ ಇಲಾಖೆಯವರು ಹೊಳೆಯ ಆಚೆ ದಡ ಹುಡುಕುತ್ತಿದ್ದರು. ಈಚೆಯದು ಇವರ ಪಾಲು. ಹೊರಡುವಾಗ ಅವನ ಹೆಂಡತಿ ಯಂಕವ್ವ ಹರಿಪ್ರಿಯಾಳ ಕೈ ಹಿಡಿದು, "ಅಕ್ಕಾರ, ಜೀವಂತ ಕರಕೊಂಡ ಬರ್ರಿ. ಅಷ್ಟ ಸಾಕ," ಎಂದಿದ್ದಳು.

ಶಂಕೆ ಟಾರ್ಚಿನಿಂದ ಶುರುವಾದದ್ದಲ್ಲ. ಸಂಜೆ ಬಂಡೆಯ ಬುಡದ ಗುಹೆಯನ್ನು ನೋಡಲು ಸುಬೇದಾರರು ಒಬ್ಬರೇ ಹೋಗಿದ್ದರು. "ಕೊನೆಯವರೆಗೆ ತೆವಳಿ ನೋಡಿದೆ. ಯಾರೂ ಇಲ್ಲ," ಎಂದು ನಕ್ಷೆಯಲ್ಲಿ ಗೀಟು ಹಾಕಿದ್ದರು. ಆ ಗುಹೆಯ ಬಾಯಲ್ಲೇ ಕೆಂಪು ಕೆಸರಿದ್ದುದು ದೂರದಿಂದಲೇ ಅವಳಿಗೆ ಕಂಡಿತ್ತು. ಅವರ ಪ್ಯಾಂಟಿನ ಮೊಣಕಾಲು ಮಾತ್ರ ಒಗೆದು ಮಡಚಿಟ್ಟ ಹಾಗಿತ್ತು.

ಬೆಳಿಗ್ಗೆ ಅವಳು ಕೇಳಿಯೇಬಿಟ್ಟಳು. "ಸರ್, ಆ ಗುಹೆಯನ್ನು ಇನ್ನೊಮ್ಮೆ ನೋಡುವನಾ?"

"ನೋಡಿ ಆಗಿದೆಯಲ್ಲ." ಸುಬೇದಾರರು ಬೂಟಿನ ದಾರ ಬಿಗಿಯುತ್ತಿದ್ದರು, ಮುಖ ಎತ್ತಲಿಲ್ಲ.

"ಮೇಡಂಗೆ ಪೇಪರ್ ಎರಡೆರಡು ಸಲ ನೋಡುವ ಅಭ್ಯಾಸ," ಡೆನ್ವರ್ ನಕ್ಕ. "ಗುಹೆಗೂ ರಿವ್ಯಾಲ್ಯುವೇಶನ್ ಬೇಕಂತೆ ಮಾರಾಯ್ರೆ!"

ಹಗಲಿಡೀ ತೊರೆಯ ಗುಂಟ ಹತ್ತಿದರು. ಪಾಚಿಗಟ್ಟಿದ ಬಂಡೆಗಳ ನಡುವೆ ನೀರು ಕಪ್ಪಾಗಿ ಜಾರುತ್ತಿತ್ತು. ಮೇಲೆ ಘಟ್ಟದ ಏಣು ಮಂಜಿನಲ್ಲಿ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಬೆತ್ತದ ಮುಳ್ಳು ತೋಳಿಗೆ, ರಕ್ತ ಹೀರುವ ಇಂಬಳ ಕಾಲಿಗೆ. ಎಲ್ಲಿಯೂ ಒಂದು ಹೆಜ್ಜೆಗುರುತಿಲ್ಲ. ಹಿಂದಿರುಗುವಾಗ ಹರಿಪ್ರಿಯಾ ಹಟ ಹಿಡಿದು ಗುಹೆಯ ದಾರಿಯನ್ನೇ ಹಿಡಿಸಿದಳು.

ಡಕ್. ಡಕ್.

ಕಲ್ಲಿಗೆ ಕಲ್ಲು ಬಡಿಯುವ ಸದ್ದು. ಗುಹೆಯೊಳಗಿಂದ!

ಡೆನ್ವರ್ ಮುನ್ನುಗ್ಗಿದ. ಬಂಡೆಯ ನೆತ್ತಿಯಲ್ಲಿ ಜೋತಿದ್ದ ಹೆಜ್ಜೇನು ಗೂಡುಗಳು ಗುಂಯ್ ಎಂದು ಕದಲಿದವು. ಸುಬೇದಾರರು ಅವನ ಕಾಲರ್ ಹಿಡಿದು ಹಿಂದಕ್ಕೆಳೆದರು.

"ಕತ್ತಲಾಗಲಿ. ಆಗ ಹುಳ ಸುಮ್ಮನಿರ್ತದೆ. ಆದರೆ ಬೆಳಕು ಕಂಡರೆ ಮೈಮೇಲೆ ಬರ್ತದೆ. ಟಾರ್ಚು, ಮೊಬೈಲು ಎಂತದೂ ಬೇಡ."

"ನಾನು ಹೋಗ್ತೇನೆ ಸರ್," ಎಂದ ಡೆನ್ವರ್.

"ನಿನ್ನ ಭುಜ ಆ ಬಾಯಿಗೆ ಹಿಡಿಸುವುದಿಲ್ಲ. ನೀನು ಹೊರುವುದಕ್ಕೆ ಕೋಲು ಕಡಿದು ತಾ."

ಡೆನ್ವರ್ ಮರೆಯಾದ ಮೇಲೆ ಅವರು ಮೆಲ್ಲನೆ ಹೇಳಿದರು. "ನಿನ್ನೆ ನಾನು ಒಳಗೆ ಹೋಗಿಲ್ಲ ಮೇಡಂ."

"ಗೊತ್ತುಂಟು. ಯಾಕೆ?"

"ಆ ಬಂಕರ್ ಎರಡನೇ ಸಲ ಕುಸಿದಾಗ ಒಂದು ರಾತ್ರಿ ಇಡೀ ಮಣ್ಣಿನಡಿ ಇದ್ದೆ. ಆಮೇಲೆ ಕತ್ತಲೆ ಆಗುವುದಿಲ್ಲ ನನಗೆ. ಟಾರ್ಚು ಹಾಕಿ ನನ್ನ ಕೈ ನೋಡಿಕೊಳ್ತೇನೆ, ಇದ್ದೇನಲ್ಲ ಅಂತ."

"ಈ ಒಂದು ರಾತ್ರಿಯಲ್ಲಿ ಅವನು ಸತ್ತಿದ್ದರೆ?"

ಸುಬೇದಾರರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಟಾರ್ಚನ್ನು ಅವಳ ಕೈಗಿಟ್ಟರು. "ನೀವು ಎಂತಾದರೂ ಮಾತಾಡ್ತಾ ಇರಿ. ನಿಲ್ಲಿಸಬೇಡಿ."

ಕತ್ತಲು ಕವಿಯಿತು. ಅವರು ತೆವಳಿ ಒಳಸೇರಿದರು. ಏನು ಮಾತಾಡುವುದು? ಅವಳ ಬಾಯಿಗೆ ಬಂದದ್ದು ದಿನವೂ ಕರೆಯುವ ತರಗತಿಯ ಹಾಜರಿ.

"ರೀನಾ."

ಒಳಗಿಂದ ದನಿ: "ಹಾಜರ್."

"ಶರ್ವಾಣಿ."

"ಹಾಜರ್."

ಹಗ್ಗ ಮೊಳಮೊಳವಾಗಿ ಸರಿಯಿತು.

"ಸುಘೋಷ."

ಉತ್ತರವಿಲ್ಲ. ಹಗ್ಗ ನಿಂತಿತು.

"ಸುಘೋಷ!"

ತಲೆಯ ಮೇಲೆ ಜೇನಿನ ಗುಂಯ್‌ಗುಡಿತ. ಅವಳ ಹೆಬ್ಬೆರಳು ತಾನಾಗಿ ಟಾರ್ಚಿನ ಗುಂಡಿಯ ಮೇಲೆ ಹೋಯಿತು. ಒಂದು ಟಿಕ್ ಸಾಕು. ಕೈ ಹಿಂದೆಗೆದಳು.

"ಕೃಷ್ಣಪ್ರಸಾದ್!"

ಬಹಳ ಹೊತ್ತಿನ ಮೇಲೆ, ತೀರ ಆಳದಿಂದ: "ಹಾಜರ್."

ಹಗ್ಗ ಎರಡು ಸಲ ಜಗ್ಗಿತು. ಅಷ್ಟರಲ್ಲಿ ಡೆನ್ವರ್ ಬಂದ. ಇಬ್ಬರೂ ಎಳೆದರು. ಅಂಗೈ ಸುಲಿಯಿತು. ಮೊದಲು ಚಂದಪ್ಪನ ತಲೆ, ಹಿಂದೆ ಅವನನ್ನು ನೂಕುತ್ತ ಸುಬೇದಾರರು. ಗೂಡುಗಳಿಂದ ದೂರ ಸಾಗಿಸಿದ ಮೇಲೆಯೇ ದೀಪ ಹಾಕಿದರು. ಚಂದಪ್ಪನ ಕಾಲು ಮುರಿದಿತ್ತು. ಹುಳಗಳಿಗೆ ಹೆದರಿ ಒಳನುಗ್ಗಿ ಗುಂಡಿಗೆ ಬಿದ್ದವನು, ಗೋಡೆಯಲ್ಲಿ ಜಿನುಗಿದ ನೀರು ನೆಕ್ಕಿ ಬದುಕಿದ್ದ.

ಡೆನ್ವರ್ ಕೋಲುಗಳಿಗೆ ಹಗ್ಗ ಬಿಗಿಯುತ್ತಿದ್ದಾಗ ಹರಿಪ್ರಿಯಾ ಚಂದಪ್ಪನಿಗೆ ನೀರು ಕುಡಿಸಿದಳು. ಅವನು ಪಿಸುಗುಟ್ಟಿದ. "ನಿನ್ನಿ ಸಂಜಿಗಿ ಗವಿ ಬಾಯಾಗ ಯಾರೋ ಬಂದು ನಿಂತಂಗಾತ್ರಿ. ಕೂಗಬೇಕಂದ್ರ ದನಿನ ಹೊರಡಲಿಲ್ಲ."

ಸುಬೇದಾರರು ತಲೆ ತಗ್ಗಿಸಿದರು. ಅವರ ಮೊಣಕಾಲು ಈಗ ಕೆಂಪು ಕೆಸರು.

ನಸುಕಿಗೆ ಮಾಳದ ರಸ್ತೆ ಸಿಕ್ಕಿತು. ಯಂಕವ್ವ ಓಡಿ ಬಂದು ಗಂಡನ ಮುಖ ಸವರಿದಳು. ಆಮೇಲೆ ಸುಬೇದಾರರ ಕಾಲಿಗೆ ಬಾಗಿದಳು. ಅವರು ಬೆದರಿದವರಂತೆ ಹಿಂದೆ ಸರಿದರು.

ಆಂಬುಲೆನ್ಸ್ ಹೊರಟ ಮೇಲೆ ಡೆನ್ವರ್ ಕೇಳಿದ. "ಅಲ್ಲ ಸರ್, ಮೊನ್ನೆ ನಿಮಗೆ ಅವನು ಕಾಣಲೇ ಇಲ್ಲವಾ?"

ಸುಬೇದಾರರು ಬಾಯಿ ತೆರೆದರು.

"ಗುಂಡಿ ಇರುವುದು ಒಳಗಿನ ತಿರುವಿನಲ್ಲಿ," ಹರಿಪ್ರಿಯಾ ಅಡ್ಡ ಬಂದಳು. "ಪಕ್ಕದಲ್ಲೇ ತೆವಳಿದರೂ ಕಾಣುವುದಿಲ್ಲ."

ಡೆನ್ವರ್ ತಲೆಯಾಡಿಸಿ ಚಹಾ ಹುಡುಕಿ ಹೋದ. ಅವಳು ಟಾರ್ಚನ್ನು ಸುಬೇದಾರರಿಗೆ ಮರಳಿಸಿ, ರಾತ್ರಿಯ ಸಮಯ ಬರೆದಿದ್ದ ಹಾಳೆಯನ್ನು ಹರಿದು ಮುಷ್ಟಿಯಲ್ಲಿ ಮುದುಡಿದಳು. ಒಂದು ರಾತ್ರಿಯ ನೋವು ಚಂದಪ್ಪನದು; ಅದನ್ನು ಕ್ಷಮಿಸಲು ತಾನು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು.