ಕೆಂಪು ದಾರದ ಬೂಟು

ಮಿರಜಿನ ಶಾಲೆಯ ಬಸ್ ಓಡಿಸುವವನು ನಾನು, ಕಂಡದ್ದನ್ನಷ್ಟೇ ಹೇಳುತ್ತೇನೆ. ಮಾಲಗಾಂವದಲ್ಲಿ ಮಕ್ಕಳನ್ನು ಇಳಿಸುತ್ತಿದ್ದಾಗ, ನಿಂತ ಬಸ್ಸನ್ನು ದಾಟಿ ನುಗ್ಗಿದ ಜೀಪು ಎರಡನೇ ಇಯತ್ತೆಯಲ್ಲಿ ಓದುತ್ತಿದ್ದ ಯೋಗಿತಾಳನ್ನು ಕೊಂದಿತು. ತಾಯಿ ಕೆಂಪು ದಾರದಿಂದ ಹೊಲಿದಿದ್ದ ಅವಳ ಎಡ ಬೂಟು ಸಿಗಲೇ ಇಲ್ಲ.

ಹಾಗೆ ದಾಟುವವರನ್ನು ಹಿಡಿಯಲು ಬಸ್ಸಿಗೆ ಕ್ಯಾಮೆರಾ ಹಾಕಿದರು. ಪ್ರತಿ ಫೋಟೋದಲ್ಲೂ ದಾಟಿದ ಗಾಡಿಯ ಹಿಂದೆ, ದೃಷ್ಟಿ ತಾಗದಿರಲೆಂದು ಕಟ್ಟಿದಂತೆ, ಕೆಂಪು ದಾರದ ಅದೇ ಬೂಟು.

ಫೋಟೋದಲ್ಲಿ ಸಿಕ್ಕ ಒಬ್ಬ ಕಾರಿನವನ ಕೊರಳಪಟ್ಟಿ ಹಿಡಿದೆ. "ಕೂಸಿನ ಬೂಟು ಕಟ್ಟಿಕೊಂಡು ತಿರಗತೀಯಲ್ಲೋ, ನಾಚಿಕಿ ಇಲ್ಲೇನು?"

"ಎಲ್ಲೈತ್ರಿ ಕಾಕಾ ಬೂಟು?"

ಕಾರಿನ ಹಿಂದೆ ಏನೂ ಇರಲಿಲ್ಲ.

ಎರಡು ವರ್ಷವಾಯಿತು. ಹಾಳಾದವರು ಇನ್ನೂ ದಾಟುತ್ತಲೇ ಇದ್ದಾರೆ. ಮೊನ್ನೆ ಯೋಗಿತಾಳ ತಾಯಿ ಸಖುಬಾಯಿಗೆ ಮೊದಲ ಫೋಟೋ, ಕೊನೆಯ ಫೋಟೋ ಎರಡನ್ನೂ ತೋರಿಸಿದೆ. ಎರಡರಲ್ಲೂ ನಂಬರ್ ಪ್ಲೇಟಿನ ಪಕ್ಕದ ಬೂಟನ್ನು ಬೆರಳಿಟ್ಟು ಅಳೆದಳು.

"ಅಣ್ಣಾ, ಬೂಟು ದೊಡ್ಡದಾಗೇತಿ," ಎಂದಳು. "ಆಕಿ ಈಗ ನಾಲ್ಕನೇ ಇಯತ್ತೆದಾಗ ಇರ್ತಿದ್ಲು."